ಕೌದಿಯೊಳಗಿನ ಕೊರಡು

ಕಾರು ಆಶ್‌ಬರ್ನ್ ಬಿಟ್ಟಾಗಿನಿಂದ ಶಾಂತಾಬಾಯಿ ಕಾಲ ಬಳಿಯ ಕೌದಿಯ ಗಂಟನ್ನು ಯಾರಿಗೂ ಮುಟ್ಟಗೊಡಲಿಲ್ಲ. ದೊಡ್ಡ ಮಗಳು ನೀಲಗಂಗಾಳ ಮನೆಯ ವಾಸ ಮುಗಿದಿತ್ತು. ಇನ್ನು ದೂರದ ದಕ್ಷಿಣದ ಊರು ಸುವಾನಿಯಲ್ಲಿ ಚಿಕ್ಕ ಮಗಳು ಆರತಿಯ ಮನೆ. ಹೋಗುವುದಕ್ಕೇನೂ ಬೇಜಾರಿಲ್ಲ. ಆದರೆ ಗಂಡ ಕರಬಸಪ್ಪ ವರ್ಜೀನಿಯಾದ ಮಣ್ಣಿನಲ್ಲೇ ಉಳಿದರಲ್ಲ!

ಕೊರೊನಾ ಕಾಲದಲ್ಲಿ ವಿಮಾನ ನಿಂತು ಗಂಡ ಹೆಂಡತಿ ಇಬ್ಬರೂ ನೀಲಗಂಗಾಳ ಮನೆಯಲ್ಲೇ ಸಿಕ್ಕಿಕೊಂಡಿದ್ದರು. ಮುಂಜಾನೆ ಎದ್ದವರೇ ಕರಬಸಪ್ಪ ಹಿತ್ತಲಿನ ಆ್ಯಶ್ ಮರದ ಕೆಳಗೆ ಕುರ್ಚಿ ಹಾಕುವರು. ಪಕ್ಕದಲ್ಲೇ ಕೌದಿ ಹಾಸಿ ಶಾಂತಾಬಾಯಿ ಪಲ್ಯದ ಸೊಪ್ಪು ಸೋಸುವರು.

"ಚಹಾ ಇಲ್ಲೇ ತಾ. ಈ ನೆಳ್ಳಾಗ ಕುಂತ್ರ ಊರು ನೆನಪಾಗಂಗಿಲ್ಲ ನೋಡು," ಎನ್ನುವರು ಕರಬಸಪ್ಪ.

ಮರುವರ್ಷ ಅವರು ತೀರಿಕೊಂಡರು. ಆಮೇಲೆ ಮರವೂ ತುದಿಯಿಂದ ಒಣಗುತ್ತ ಬಂತು. ಹಸಿರು ದುಂಬಿಯ ಮರಿಹುಳು ತೊಗಟೆಯೊಳಗೆ ಸೇರಿದೆಯೆಂದು ಈ ವಸಂತದಲ್ಲಿ ಕಡಿಸಿದರು. ತುಂಡುಗಳನ್ನು ಲಾರಿಗೆ ಹೇರುವಾಗ ಶಾಂತಾಬಾಯಿ ಒಂದಷ್ಟು ಎತ್ತಿಟ್ಟುಕೊಂಡಿದ್ದರು. ಆರತಿಯ ಮನೆಯಲ್ಲಿ, ಮಂಚದ ಪಕ್ಕದಲ್ಲಿ ಇರಲಿ ಎಂದು.

ದಾರಿಯಲ್ಲಿ ನಾರ್ತ್ ಕೆರೊಲಿನಾದ ಬೆಟ್ಟದ ಕ್ಯಾಂಪಿನಲ್ಲಿ ನೀಲಗಂಗಾ ಕಾರು ನಿಲ್ಲಿಸಿದಳು. ಅವಳ ಮಗಳು ಶೀತಲ್ ಹಾಸಲೆಂದು ಕೌದಿ ಎಳೆದಳು. ಎರಡು ಕೊರಡು ದಡದಡ ಉರುಳಿದವು. ಅತ್ತ ಬರುತ್ತಿದ್ದ ಕಾಡಿನ ಅಧಿಕಾರಿಣಿಯ ಕಣ್ಣಿಗೇ ಬೀಳಬೇಕೆ!

"ಅವ್ವಾ, ಗಂಟಿನಾಗ ಉಪ್ಪಿನಕಾಯಿ ಭರಣಿ ಐತಿ ಅಂದಿದ್ದಿ!" ಎಂದಳು ನೀಲಗಂಗಾ.

"ಉಪ್ಪಿನಕಾಯೂ ಐತಿ."

ಅಧಿಕಾರಿಣಿಯ ಮಾತನ್ನು ಶೀತಲ್ ಕನ್ನಡ ಮಾಡಿದಳು. "ಅಜ್ಜಿ, ಬೇರೆ ಕಡೆ ವುಡ್ ಇಲ್ಲಿ ತರಬಾರದು. ಬಗ್ಸ್ ಟ್ರಾವೆಲ್ ಮಾಡ್ತವೆ."

"ಹುಳ ಕಾರ್ ಹತ್ತಿ ಬರ್ತಾವೇನ?"

"ಯೆಸ್! ನಿಮ್ಮ ಜೊತೆ. ಟಿಕೆಟ್ ಇಲ್ಲದೆ."

ಹಳ್ಳದ ದಂಡೆಯ ಮರಗಳಿಗೆ ಔಷಧಿ ಚುಚ್ಚಿ, ತಗಡಿನ ಬಿಲ್ಲೆ ಹೊಡೆದು ಕಾಯುತ್ತಿದ್ದಾರಂತೆ. ತಂದದ್ದನ್ನೆಲ್ಲ ಈಗಲೇ ಇಲ್ಲೇ ಸುಡಬೇಕು, ತೊಗಟೆಯ ಚೂರೂ ಉಳಿಯಬಾರದು ಎಂದು ಹೇಳಿ ಆಕೆ ಹೋದಳು.

ಶಾಂತಾಬಾಯಿ ತಾವೇ ಒಲೆ ಹೂಡಿ ಎರಡು ಕೊರಡನ್ನೂ ಇಟ್ಟರು. ಜೋಳದ ಹಿಟ್ಟು ನಾದಿ ರೊಟ್ಟಿ ಬಡಿದರು. ಆದರೆ ಕೂತದ್ದು ಮಡಿಸಿದ ಕೌದಿಯ ಮೇಲೆ. ಅದರೊಳಗೆ ಮೊಣಕೈ ಉದ್ದದ ಇನ್ನೊಂದು ಕೊರಡಿತ್ತು. ಇದೊಂದು ಉಳಿದರೆ ಯಾರ ಗಂಟೇನು ಹೋಗುತ್ತದೆ?

ಕೈ ತೊಳೆಯಲು ಹಳ್ಳಕ್ಕೆ ಇಳಿದವರು ಬಿಲ್ಲೆ ಹೊಡೆದ ಮರದ ಕೆಳಗೆ ನಿಂತುಬಿಟ್ಟರು. ಎದುರುಬದುರು ಜೋಡಿಯಾಗಿ ಬಿಟ್ಟ ಅದೇ ಆ್ಯಶ್ ಎಲೆ. ಗಾಳಿಗೆ ಅಲ್ಲಾಡುವ ಅದೇ ತೆಳು ನೆರಳು. ಆ ನೆರಳು ಎಲ್ಲಿಗೋ ಹೋಗಿಬಿಟ್ಟಿತೆಂದು ಅವರು ತಿಳಿದಿದ್ದರು. ತೊಗಟೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು.

ಮರಳಿ ಬಂದು ಕೌದಿ ಬಿಚ್ಚಿದರು. ಕೊರಡಿನ ಅಂಚಿನ ತೊಗಟೆ ಎದ್ದಿತ್ತು. ಅದರಡಿ ಸೊಟ್ಟಸೊಟ್ಟ ಹಾದಿಯ ತುದಿಯಲ್ಲಿ ಬಿಳಿಯ ಹುಳುವೊಂದು ಮಿಸುಕಿತು.

"ಇನ್ನೊಂದು ಇತ್ತೇನವ್ವಾ?" ನೀಲಗಂಗಾಳ ದನಿ ಇಳಿದಿತ್ತು.

"ಇತ್ತು."

ಮಗುವನ್ನು ಮಲಗಿಸುವಂತೆ ಅದನ್ನು ಉರಿಯಲ್ಲಿಟ್ಟರು. ಕೌದಿಯನ್ನು ಬೆಂಕಿಯ ಮೇಲೆ ಕೊಡವಿ, ಹೊಲಿಗೆಯಲ್ಲಿ ಸಿಕ್ಕ ಚೂರುಗಳನ್ನು ಉಗುರಿನಿಂದ ಹೆಕ್ಕಿ ಹಾಕಿದರು. ಹಿಟ್ಟು ಮುಗಿದಿತ್ತು. ಕೊರಡು ಇನ್ನೂ ಉರಿಯುತ್ತಿತ್ತು.

"ಶೀತಲ್, ಆ ಮರದ ಕೆಳಗ ಒಂದು ಕುರ್ಚಿ ಹಾಕು. ಚಹಾ ಅಲ್ಲೇ ತಾ."

ಶೀತಲ್ ಚಹಾ ತಂದಾಗ ಕುರ್ಚಿ ಖಾಲಿ ಇತ್ತು. ಅಜ್ಜಿ ಅದರ ಪಕ್ಕದಲ್ಲಿ, ನೆಲಕ್ಕೆ ಕೌದಿ ಹಾಸಿಕೊಂಡು ಕೂತಿದ್ದರು.