ಮೆಣಸಿನ ಬಳ್ಳಿಯ ಬುಡದ ಗಂಟು

1997ರ ಅಕ್ಟೋಬರ್ 12, ಭಾನುವಾರ, ಬೆಳಿಗ್ಗೆ ಹತ್ತೂವರೆ. ಬಾಳೂರಿನ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್. ಕೂಲಿಯವರ ಲೈನ್ ಮನೆಗಳವರೆಲ್ಲ ನನ್ನ ಜಗಲಿಯಲ್ಲಿ ಕೂತು ಟೀವಿಯಲ್ಲಿ ದೆವ್ವದ ಧಾರಾವಾಹಿ ನೋಡುತ್ತಿದ್ದರು. ಅದರಲ್ಲಿ ವಾರಕ್ಕೊಂದು ವಸ್ತು ಬರುತ್ತಿತ್ತು: ಕೀಲಿಯಿಲ್ಲದ ಬೀಗ, ಅರ್ಧ ಸುಟ್ಟ ತೊಟ್ಟಿಲು. ಅರ್ಥ ಹೇಳುವವನು ನಾನು. ಬಿ.ಎಸ್ಸಿ. ಓದಿದ್ದೆ, ನಾಲ್ಕು ಸಲ ನಾನು ಹೇಳಿದ್ದೇ ಮುಂದಿನ ವಾರ ನಿಜವಾಗಿತ್ತು. ನಾನು ಬಾಯಿ ಬಿಡುವವರೆಗೆ ಮೇಸ್ತ್ರಿ ಲಕ್ಕಯ್ಯ ಬೀಡಿಯನ್ನೂ ಹಚ್ಚುತ್ತಿರಲಿಲ್ಲ.

ಅಂದು ತೋರಿಸಿದ್ದು ಹೊಸ್ತಿಲ ಬಳಿ ಹೂತಿಟ್ಟ ಕೆಂಪು ಬಟ್ಟೆಯ ಗಂಟು. ಒಳಗೆ ಬಿಳಿ ಪುಡಿ. ಹೂತವರು ಪಕ್ಕದ ಮನೆಯವರೇ, ಆ ಮನೆಯಲ್ಲಿ ತೊಟ್ಟಿಲು ಕಟ್ಟಬಾರದೆಂದು ಹೂತಿದ್ದಾರೆ ಎಂದು ವಿವರಿಸಿದೆ. ಲಕ್ಕಯ್ಯನ ಸೊಸೆ ರೇವತಿಗೆ ಆಗಸ್ಟಿನಲ್ಲಿ ಗರ್ಭ ಇಳಿದಿತ್ತು. ಅವಳು ಎದ್ದು ಹೋದಳು.

ಬುಧವಾರ ಲಕ್ಕಯ್ಯನ ಬೇಲಿಯ ಸಿಲ್ವರ್ ಮರದ ಬುಡದಲ್ಲಿ ಅಂಥದ್ದೇ ಗಂಟು ಸಿಕ್ಕಿತು. ಬೇಲಿಯಾಚೆ ರಾಮಮ್ಮನ ಮನೆ, ಒಂಟಿ ಹೆಂಗಸು. ಮರಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿ ಅವಳದು. ಜೂನಿನಲ್ಲಿ ಬಳ್ಳಿ ಹಳದಿಯಾದಾಗ ನನ್ನ ಹತ್ತಿರ ಬಂದಿದ್ದಳು. ಮಣ್ಣು ಹುಳಿಯಾಗಿದೆ ಎಂದು, ಮೈಲುತುತ್ತಕ್ಕೆ ಬೆರೆಸಿ ತೋಟಕ್ಕೆ ಮದ್ದು ಹೊಡೆಯಲು ತಂದಿದ್ದ ಸುಣ್ಣದಲ್ಲಿ ಅರ್ಧ ಸೇರು ಕೊಟ್ಟು, ಬುಡಕ್ಕೆ ಹಾಕು ಎಂದಿದ್ದೆ. ಹರಡಬೇಕೆಂದು ಹೇಳಿರಲಿಲ್ಲ. ಮಳೆಗೆ ಕೊಚ್ಚಿಹೋಗದಿರಲೆಂದು ಅವಳು ಹಳೇ ಕೆಂಪು ಸೀರೆಯ ತುಂಡಿನಲ್ಲಿ ಕಟ್ಟಿ ಹೂತಿದ್ದಳು.

ನನ್ನನ್ನು ಕರೆಸಿದರು. ಜನ ಸೇರಿತ್ತು.

"ರೈಟ್ರು ಟೀವಿ ನೋಡೇ ಹೇಳಿದ್ರಲ್ಲ ಮಾರಾಯ, ಪಕ್ಕದ ಮನೆಯವ್ರೇ ಅಂತ," ಎಂದು ಲಕ್ಕಯ್ಯ ಪಕ್ಕದವನಿಗೆ ಹೇಳಿದ.

ರಾಮಮ್ಮ ಅವನ ಕಡೆ ನೋಡಲೇ ಇಲ್ಲ. "ನೀವು ಕೊಟ್ಟ ಸುಣ್ಣ ಅಲ್ವಾ ರೈಟ್ರೇ? ಹೇಳಿ ಇವ್ರಿಗೆ."

ಲಕ್ಕಯ್ಯ ನಕ್ಕ. "ಓದಿದವ್ರು ಸುಣ್ಣಾನ ಗಂಟು ಕಟ್ಟಿ ಹೂಳು ಅಂತಾರೇನೇ?"

"ಗಂಟು ಕಟ್ಟು ಅಂತ ನಾನು ಹೇಳಿಲ್ಲ," ಎಂದೆ.

ಅದು ನಿಜ. ಸುಣ್ಣ ಕೊಟ್ಟದ್ದು ನಾನೇ ಎಂಬ ಇನ್ನರ್ಧ ಬಾಯಿಗೆ ಬರಲಿಲ್ಲ. ಪುಡಿ ಏನೆಂದು ಪರೀಕ್ಷೆ ಮಾಡಿ ತಿಳಿಸುತ್ತೇನೆ ಎಂದು ಗಂಟು ಎತ್ತಿಕೊಂಡು ಬಂದೆ.

ಮರುದಿನದಿಂದ ಕೆಲಸದಲ್ಲಿ ಅವಳ ಪಕ್ಕದ ಸಾಲಿಗೆ ಯಾರೂ ನಿಲ್ಲಲಿಲ್ಲ. ಶನಿವಾರ ಅವಳು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿ ಕಳಸದ ಜೀಪು ಹತ್ತಿದಳು. ಬಳ್ಳಿಯನ್ನು ಕಡಿದು ಹಾಕಿದರು.

ಭಾನುವಾರದ ಕಂತಿನಲ್ಲಿ ಗಂಟು ಹೂತವಳು ಪಕ್ಕದ ಮನೆಯವಳೇ ಎಂದಾಯಿತು. ಲಕ್ಕಯ್ಯ ನನಗೆ ಒಂದು ಬಾಟಲಿ ಜೇನು ತಂದುಕೊಟ್ಟ. ಪರೀಕ್ಷೆಯ ವಿಷಯ ಯಾರೂ ಕೇಳಲಿಲ್ಲ.

ಎಲ್ಲರೂ ಹೋದ ಮೇಲೆ ಪುಡಿಯನ್ನು ನೀರಿನಲ್ಲಿ ಕಲಸಿ, ಕಾಲೇಜಿನಿಂದ ತಂದಿಟ್ಟುಕೊಂಡಿದ್ದ ಪರೀಕ್ಷಾ ಕಾಗದ ಅದ್ದಿದೆ. ಮಾಟಕ್ಕೆ ಹೂಳುವ ಉಪ್ಪಾಗಿದ್ದರೆ ಪಿಎಚ್ ಏಳು ತೋರಿಸಬೇಕು, ಸುಣ್ಣವಾದರೆ ಅದಕ್ಕಿಂತ ಬಹಳ ಮೇಲೆ. ಕಾಗದ ಕಡುನೀಲಿಯಾಯಿತು. ಪಿಎಚ್ 12.