ದರ್ಜಿ ಅಂಗಡಿಯಲ್ಲಿ ಮೂರು ಗಂಟೆ

ಮೊನ್ನೆ ಟೀವಿಯಲ್ಲಿ ತೋರಿಸಿದರು. ಕೈಯಲ್ಲಿ ಚಾಕು ಹಿಡಿದು ಅರಚುತ್ತಿದ್ದ ಒಬ್ಬ, ಎದುರಿಗೆ ಆರು ಜನ ಪೊಲೀಸರು, ಎರಡೇ ನಿಮಿಷಕ್ಕೆ ಅವನ ಹೆಣ. ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ನಿಮಿಷದಲ್ಲಿ ನಮ್ಮ ಕುರ್ಚಿ ಮಾಮ ಇನ್ನೂ ಕುರ್ಚಿಯ ಧೂಳು ಒರೆಸುತ್ತಿರುತ್ತಿದ್ದ.

ಮಾಮ ನಮ್ಮ ಠಾಣೆಯ ಹೆಡ್ ಕಾನ್‌ಸ್ಟೆಬಲ್. ದಪ್ಪ ಮೈ, ಬೋಳು ತಲೆ, ಮಾತು ಮಾತ್ರ ಬೆಣ್ಣೆ. ನಾನು ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೆರಡು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಗುರಿಯೂ ಅಷ್ಟೇ ಜೋರು. ಗುಂಡು ಹೊಡೆಯುವ ಪರೀಕ್ಷೆಯಲ್ಲಿ ಗಂಡಸರನ್ನೆಲ್ಲ ಹಿಂದೆ ಹಾಕಿದ್ದೆ. ಈ ಹುಡುಗಿಯನ್ನು ಸ್ವಲ್ಪ ತಣ್ಣಗೆ ಮಾಡಪ್ಪ ಎಂದು ಇನ್ಸ್‌ಪೆಕ್ಟರು ನನ್ನನ್ನು ಮಾಮನ ಕೈಗೆ ಒಪ್ಪಿಸಿದರು.

ಆ ಠಾಣೆಯ ಹಿಂದಿನ ಕೋಣೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬೂಟ್ ಪಾಲಿಶಿನ ವಾಸನೆ, ಕಾಲು ಅಲ್ಲಾಡುವ ಉದ್ದ ಮೇಜು, ಸದಾ ಕುದಿಯುವ ಚಹಾ. ಮೂಲೆಯಲ್ಲಿ ಒಂದು ಮರದ ಕುರ್ಚಿ. ಎಲ್ಲಾದರೂ ಯಾರಾದರೂ ಕತ್ತಿಯೋ ಕೊಡಲಿಯೋ ಹಿಡಿದು ಕೂತಿದ್ದಾರೆ ಎಂದು ಫೋನ್ ಬಂದರೆ ಮಾಮ ಮೊದಲು ಆ ಕುರ್ಚಿಯನ್ನು ಜೀಪಿಗೆ ಹಾಕಿಸುತ್ತಿದ್ದ. ಹತ್ತು ಹೆಜ್ಜೆ ದೂರದಲ್ಲಿ ಹಾಕಿಕೊಂಡು ಕೂರುತ್ತಿದ್ದ. ಕೂತವನು ಮೇಲೆ ಬೀಳುವುದಿಲ್ಲ ಎಂದು ಎದುರಿನವನಿಗೆ ಗೊತ್ತಾಗುತ್ತದೆ, ಆಮೇಲೆ ಹೊತ್ತು ನಮ್ಮದು ಎನ್ನುತ್ತಿದ್ದ. ಕೂತ ಮೇಲೆ ಒಂದೇ ವಿಷಯ: ಅವನ ಕಸುಬು. ಬಡಗಿಯಾದರೆ ಮರ, ಡ್ರೈವರಾದರೆ ಗಾಡಿ. ತನ್ನ ಕೆಲಸದ ಮಾತಾಡುವಾಗ ಮನುಷ್ಯನಿಗೆ ತಾನು ಯಾರು ಅನ್ನೋದು ನೆನಪಾಗುತ್ತೆ ಎಂದು ಹೇಳಿಕೊಟ್ಟಿದ್ದ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂಬ ಗಾದೆಯನ್ನು ನನ್ನ ಮೂಗು ನೋಡಿಕೊಂಡೇ ಹೇಳುತ್ತಿದ್ದ. ಅಪ್ಪನಿಲ್ಲದೆ ಬೆಳೆದ ನಾನು ಅವನನ್ನು ತುಂಬಾ ಪ್ರೀತಿಸುತ್ತಿದ್ದೆ. ಅದನ್ನು ಅವನ ಮುಂದೆ ಹೇಳಿದ್ದಿಲ್ಲ, ಜಗಳವಾಡಿದ್ದೇ ಹೆಚ್ಚು.

ಇಪ್ಪತ್ತೆಂಟು ವರ್ಷದ ಹಿಂದೆ, ಒಂದು ಸುಡುಬಿಸಿಲಿನ ಮಧ್ಯಾಹ್ನ ಸ್ಟೇಶನ್ ರಸ್ತೆಯ ದರ್ಜಿ ಅಂಗಡಿಯಿಂದ ಕರೆ ಬಂತು. ಹೆಂಡತಿ ಸತ್ತ ಮೇಲೆ ದರ್ಜಿ ನಾಲ್ಕು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಆವತ್ತು ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಿಡಿದು ಎಲ್ಲರನ್ನೂ ಓಡಿಸಿದ್ದ. ಒಳಗೆ ಬಂದವರನ್ನು ಚುಚ್ಚುತ್ತೇನೆ, ಆಮೇಲೆ ನಾನೂ ಸಾಯುತ್ತೇನೆ ಎನ್ನುತ್ತಿದ್ದ. ಅವನ ಭಾವ ಕತ್ತರಿ ಕಿತ್ತುಕೊಳ್ಳಲು ಹೋಗಿ ಕೈಗೆ ಗಾಯ ಮಾಡಿಕೊಂಡಿದ್ದ.

ಇನ್ಸ್‌ಪೆಕ್ಟರು ನನಗೆ ಪಿಸ್ತೂಲು ಕೊಟ್ಟು, ಹಿಂಬಾಗಿಲಿನಿಂದ ಹೋಗಿ ಬಟ್ಟೆ ಹಾಕಿ ನೋಡುವ ಕೋಣೆಯ ಪರದೆ ಹಿಂದೆ ನಿಲ್ಲು ಎಂದರು. ಮಾಮ ತನಗೆ ಪಿಸ್ತೂಲಿನ ಕಾವಲು ಬೇಕಿಲ್ಲ ಎಂದ. ಅವರು ಒಪ್ಪಲಿಲ್ಲ. ಕೊನೆಗೆ ಒಂದು ಗುರುತು ಮಾಡಿಕೊಂಡೆವು. ಮಾಮ ಟೋಪಿ ತೆಗೆದರೆ ನಾನು ಹೊಡೆಯಬೇಕು.

ಮಾಮ ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ. ಈ ಸರ್ಕಾರಿ ಅಂಗಿಯ ಕಾಲರ್ ಕತ್ತು ಉಜ್ಜಿ ಉಜ್ಜಿ ಗಾಯವಾಗಿದೆ, ಯಾಕಿರಬಹುದು ಎಂದು ಶುರು ಮಾಡಿದ. ಮೊದಲ ಒಂದು ಗಂಟೆ ದರ್ಜಿ ಬರೀ ಬೈದ. ಎರಡನೆಯ ಗಂಟೆಯಲ್ಲಿ ಬೈಗುಳ ಮಾಮನನ್ನು ಬಿಟ್ಟು ಆ ಅಂಗಿ ಹೊಲಿದವನ ಮೇಲೆ ತಿರುಗಿತು. ಅವನು ಕತ್ತೆ, ಒಳಗಿನ ದಪ್ಪ ಬಟ್ಟೆಯನ್ನು ಅಡ್ಡ ಕತ್ತರಿಸಿದ್ದಾನೆ ಎಂದ. ಪರದೆಯ ಹಿಂದೆ ನನಗೆ ನಗು ತಡೆಯುವುದೇ ಕಷ್ಟವಾಯಿತು. ಕೈ ಮಾತ್ರ ಪಿಸ್ತೂಲಿನ ಮೇಲೇ ಇತ್ತು.

ಮೂರನೆಯ ಗಂಟೆ ಮುಗಿಯುತ್ತ ಬಂದಾಗ ದರ್ಜಿ ಇದ್ದಕ್ಕಿದ್ದಂತೆ ಎದ್ದ. ಕತ್ತರಿ ಮೇಲೆತ್ತಿಕೊಂಡು ದಾಪುಗಾಲು ಹಾಕಿ ಮಾಮನ ಕಡೆ ಬಂದ. ಮಾಮ ಟೋಪಿ ತೆಗೆದ.

ನಾನು ಹೊಡೆಯಲಿಲ್ಲ.

ದರ್ಜಿ ಎಡಗೈಯಲ್ಲಿ ಮಾಮನ ಕಾಲರ್ ಹಿಡಿದ. ಕತ್ತರಿಯ ತುದಿಯಿಂದ ಕಾಲರಿನ ಹೊಲಿಗೆಯನ್ನು ಒಂದೊಂದೇ ಬಿಚ್ಚಿದ. ಒಳಗಿನ ಬಟ್ಟೆ ಎಳೆದು ತೋರಿಸಿ, "ನೋಡಿ, ಹೇಳ್ಲಿಲ್ವಾ ನಾನು?" ಅಂದ. ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಕೂತು, ಇವಳಿದ್ದಿದ್ರೆ ಸೂಜಿಗೆ ದಾರ ಪೋಣಿಸಿ ಕೊಡ್ತಿದ್ಲು ಎಂದು ಅತ್ತ. ಮಾಮ ಕತ್ತರಿಯನ್ನು ಮೆಲ್ಲಗೆ ತೆಗೆದುಕೊಂಡು ನನ್ನ ಕೈಗೆ ಕೊಟ್ಟ.

ಟೋಪಿ ತೆಗೆದರೂ ಇವಳು ಯಾಕೆ ಹೊಡೆಯಲಿಲ್ಲ ಎಂದು ಇನ್ಸ್‌ಪೆಕ್ಟರು ವಿಚಾರಿಸಿದರು. ನಾನು ಬಾಯಿ ಬಿಡುವ ಮೊದಲೇ ಮಾಮ, "ಬೆವರು ಒರೆಸ್ಕೊಂಡೆ ಸಾರ್, ಹಾಳಾದ್ದು ಅಭ್ಯಾಸ. ತಪ್ಪು ನಂದು" ಅಂದ. ನಾನೂ ಹಾಗೇ ಅಂದುಕೊಂಡೆ ಎಂದೆ. ಠಾಣೆಗೆಲ್ಲ ಅದೊಂದು ತಮಾಷೆಯಾಯಿತು. ಮಾಮನ ಬೋಳು ತಲೆ ಒಬ್ಬನ ಪ್ರಾಣ ತೆಗೆಯುತ್ತಿತ್ತು ಎಂದು ವರ್ಷಗಟ್ಟಲೆ ನಕ್ಕೆವು. ದರ್ಜಿ ಮಾತ್ರ ಕಂಡಕಂಡವರಿಗೆಲ್ಲ, ಈ ಪುಣ್ಯಾತ್ಮ ನನ್ನನ್ನು ಉಳಿಸಿದ ಎಂದು ಹೇಳಿಕೊಂಡು ತಿರುಗಿದ. ಮಾಮ ಅಂಗಿ ಹೊಲಿಸುವುದೂ ಅವನ ಹತ್ತಿರವೇ ಆಯಿತು.

ಹೋದ ವರ್ಷ ಮಾಮ ಹಾಸಿಗೆ ಹಿಡಿದ. ನೋಡಲು ಹೋದೆ. ಅತ್ತೆ ಚಹಾ ಮಾಡಲು ಒಳಗೆ ಹೋದ ಮೇಲೆ ಮಾಮ ನನ್ನ ಮಣಿಕಟ್ಟು ಹಿಡಿದುಕೊಂಡ. ಬೆಣ್ಣೆಯಂಥ ಮಾತಿನವನಿಗೆ ಆವತ್ತು ಮಾತು ತಡವರಿಸಿತು.

"ಆವತ್ತು ಅದು ಬೆವರಲ್ಲಮ್ಮ. ನಾನು ಹೊಡೆಸೋಕೇ ತೆಗೆದಿದ್ದು."

ದರ್ಜಿ ಎದ್ದು ಬಂದ ಆ ಕ್ಷಣಕ್ಕೆ ತನ್ನ ಪಾಠವೆಲ್ಲ ತನಗೇ ಮರೆತುಹೋಯಿತಂತೆ. ಹೆಂಡತಿ ಮಕ್ಕಳ ಮುಖ ಕಣ್ಣ ಮುಂದೆ ಬಂತಂತೆ. ಪ್ರತಿ ಸಲ ದರ್ಜಿ ತನ್ನ ಕತ್ತಿನ ಸುತ್ತ ಅಳತೆ ಪಟ್ಟಿ ಹಿಡಿದು, ಸಡಿಲ ಇರಲಾ ಅಣ್ಣ ಎಂದು ಕೇಳುವಾಗ ಹೇಳಿಬಿಡಬೇಕು ಅನ್ನಿಸುತ್ತಿತ್ತಂತೆ. ಬಾಯಿ ಬರಲಿಲ್ಲ. ನಾನು ಕೊಂದವನೇ, ಅವನು ಬದುಕಿರೋದು ನೀನು ತಪ್ಪು ತಿಳಿದದ್ದರಿಂದ ಎಂದು ಮಾಮ ಅತ್ತ.

ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನ್ನ ಜಾಯಮಾನವಲ್ಲ.

"ನಾನೇನೂ ತಪ್ಪು ತಿಳೀಲಿಲ್ಲ ಮಾಮ. ಮೂರು ಗಂಟೆ ಬೆವರು ಕಣ್ಣಿಗಿಳೀತಿದ್ರೂ ನೀವು ಟೋಪಿ ಮುಟ್ಟಿರ್ಲಿಲ್ಲ. ತೆಗೆದಾಗ್ಲೇ ಗೊತ್ತಾಯ್ತು."

ಮಾಮ ನನ್ನ ಮಣಿಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದ. ಒಳಗೆ ಅತ್ತೆ ಲೋಟ ತೊಳೆಯುವ ಸದ್ದು ಕೇಳುತ್ತಿತ್ತು.

"ಅವನು ನನ್ನ ಚುಚ್ಚಿಬಿಟ್ಟಿದ್ರೆ?"

ಈ ಪ್ರಶ್ನೆಯನ್ನು ನಾನು ಇಪ್ಪತ್ತೆಂಟು ವರ್ಷ ನನಗೇ ಕೇಳಿಕೊಂಡಿದ್ದೇನೆ. ಪರದೆಯ ಹಿಂದೆ ತೀರ್ಮಾನಕ್ಕೆ ನನಗೆ ಇದ್ದದ್ದು ಅರೆಕ್ಷಣ. ಆ ಅರೆಕ್ಷಣದಲ್ಲಿ ನಾನು ಆ ಅಪರಿಚಿತನ ಜೀವದ ಎದುರಿಗೆ ಮಾಮನ ಜೀವವನ್ನೇ ಒಡ್ಡಿದ್ದೆ. ಮಾಮನನ್ನು ಕೇಳಿ ಒಡ್ಡಿದ್ದಲ್ಲ.

"ಸಾಯೋವರೆಗೂ ಅಳ್ತಿದ್ದೆ," ಎಂದೆ. "ಅತ್ತೆಗೆ ಮುಖ ತೋರಿಸ್ತಿರ್ಲಿಲ್ಲ."

ಮಾಮ ನನ್ನ ಕೈ ಬಿಟ್ಟ. ಬೈಯುತ್ತಾನೆ ಅಂದುಕೊಂಡೆ, ಬೈದರೆ ಒಳ್ಳೆಯದು ಎಂದೂ ಅನ್ನಿಸಿತು. ಅವನು ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡು. ನಮ್ಮಿಬ್ಬರಲ್ಲಿ ಒಬ್ಬರಾದ್ರೂ ನನ್ನ ಪಾಠ ನಂಬಿದ್ರಲ್ಲ," ಅಂದ. ಆಮೇಲೆ ದರ್ಜಿಗೆ ಫೋನ್ ಮಾಡು, ನಾನು ಬದುಕಿರುವಾಗಲೇ ಅವನಿಗೆ ಎಲ್ಲ ಹೇಳಬೇಕು ಎಂದ. ನಾನು ಫೋನ್ ಹಚ್ಚಿ ಅವನ ಕಿವಿಗೆ ಹಿಡಿದೆ.