ಶಾಂತಲಿಂಗಪ್ಪ ಮುತ್ಯಾನ ಮಗ್ಗುಲು

ನಿಂಬರ್ಗಾದ ಶಾಂತಲಿಂಗಪ್ಪ ಮುತ್ಯಾ ಲಕ್ವಾ ಹೊಡೆದು ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಉಣಿಸಲು ಸೊಸೆ ಗಂಗಾಬಾಯಿ ಇದ್ದಳು. ಮೈ ತೊಳೆಯಲು ಯಾರೂ ಇರಲಿಲ್ಲ. ಇಪ್ಪತ್ತು ವರ್ಷ ಮಾವನೆದುರು ತಲೆಯ ಮೇಲಿನ ಸೆರಗು ಜಾರಗೊಡದವಳು ಆಕೆ. ಸೊಸೆ ಮಾವನನ್ನು ಮುಟ್ಟುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಗಂಡ ಮಹೇಶಕುಮಾರ ಕಲಬುರಗಿಯ ದಾಲ್ ಮಿಲ್ಲಿನಿಂದ ಬರುವ ಭಾನುವಾರವಷ್ಟೇ ಮುತ್ಯಾನಿಗೆ ಸ್ನಾನ, ಅದೂ ಉಟ್ಟ ಧೋತರದಲ್ಲೇ.

ಗಂಗಾಬಾಯಿಯ ಮಗ ಕಲ್ಲಿನಾಥ ವಿಜ್ಞಾನದಲ್ಲಿ ಪಿಯುಸಿ ಮುಗಿಸಿದ್ದ. ಬಿಎಸ್ಸಿ ನರ್ಸಿಂಗ್ ಸೇರುವ ಆಸೆ. ಆ ಮನೆಯಲ್ಲಿ ಮುತ್ಯಾನ ಮಾತೇ ಕೊನೆಯದು.

"ಗಂಡ್ಸಾಗಿ ಮಂದಿ ಉಚ್ಚಿ ಬಟ್ಟಿ ತೆಗೀತೀ? ನಾಳೆ ನಿನಗ ಹೆಣ್ಣು ಯಾರ್ ಕೊಡ್ತಾರಲೇ?"

"ಅದಿರ್ಲಿ ಮುತ್ಯಾ, ಮೊದಲ ನಿನ್ನ ಧೋತರ ಬದಲಿ ಮಾಡ್ಲೇನು?"

"ಮುಟ್ಟಬ್ಯಾಡ. ಆಮ್ಯಾಗ ಅದೇ ಚಟ ಆಗ್ತದ ನಿನಗ."

ಒಂದು ಗುರುವಾರ ಅಂಬಲಿ ತಂದ ಗಂಗಾಬಾಯಿಗೆ ವಿಭೂತಿಯ ಪರಿಮಳದ ಅಡಿಯಲ್ಲಿ ಕೊಳೆತ ವಾಸನೆ ಬಂತು.

"ಮಾವಾರೆ, ಬೆನ್ನಿಗೇನರ ಆಗ್ಯಾದೇನ್ರಿ?"

"ಏನಿಲ್ಲ, ಹೋಗು ತಾಯಿ" ಎಂದು ಮುತ್ಯಾ ಗೋಡೆಯತ್ತ ಮುಖ ತಿರುಗಿಸಿದರು.

ಆಕೆ ನೆಟ್ಟಗೆ ಆಶಾ ಕಾರ್ಯಕರ್ತೆ ಮಹಾನಂದಾಳ ಮನೆಗೆ ಹೋದಳು. ಮಹಾನಂದಾ ಆರೋಗ್ಯ ಕೇಂದ್ರದ ನರ್ಸ್ ಅರ್ಫಾತನನ್ನು ಕರೆತಂದಳು. ಅವನು ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು, ಬಾಗಿಲಿಗೆ ಅಡ್ಡ ಚಾದರ ಕಟ್ಟಿಸಿದ. ಆಚೆ ನಿಂತ ಗಂಗಾಬಾಯಿಗೆ ಅವನ ಮಾತು ಕೇಳುತ್ತಿತ್ತು.

"ಮುತ್ಯಾ, ಈಗ ನಿಮ್ಮನ್ನ ಎಡಕ್ಕ ಹೊರಳಸ್ತೇನ್ರಿ. ಕೊರಳಾಗಿನ ಲಿಂಗ ತೆಗ್ಯಾಂಗಿಲ್ಲ, ನನಗ ಗೊತ್ತದ. ಈ ಭುಜಕ್ಕ ಸರಸ್ತೇನಿ, ನೀರು ತಾಕಂಗಿಲ್ಲ."

ಗಂಗಾಬಾಯಿಯ ಕಣ್ಣು ತುಂಬಿದವು.

ಸೊಂಟದ ಕೆಳಗೆ ಅಂಗೈಯಗಲದ ಹುಣ್ಣಾಗಿತ್ತು. "ಇನ್ನೆಂಟು ದಿನ ಬಿಟ್ಟಿದ್ರ ಎಲುಬಿಗೆ ಮುಟ್ತಿತ್ತು. ನಾಳೆನೇ ಆಳಂದಕ್ಕೆ ಒಯ್ದು ಡಾಕ್ಟರಿಗೆ ತೋರಿಸ್ರಿ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಸ್ರಿ. ಹಸಿ ಬಟ್ಟಿ ಮೈಮ್ಯಾಲ ಇರಬಾರದು" ಎಂದ ಅರ್ಫಾತ.

ಮುತ್ಯಾ ಮೆಲ್ಲಗೆ ಕೇಳಿದರು: "ಇದನ್ನೆಲ್ಲ ಎಲ್ಲಿ ಕಲ್ತೀಯಪಾ?"

"ಬಿಎಸ್ಸಿ ನರ್ಸಿಂಗ್‌ನಾಗ್ರಿ. ನಾಲ್ಕು ವರ್ಷದ ಓದು. ಗಂಡ್ಹುಡುಗ್ರೂ ಓದ್ತಾರ್ರಿ."

"ನಿನಗ ಹೆಣ್ಣು ಕೊಟ್ರೇನು?"

"ಹೆಣ್ಣಿನ ಅಪ್ಪ ನನ್ನ ಪೇಷಂಟೇ ಇದ್ರು ಮುತ್ಯಾ, ಅವರೇ ಬಂದು ಕೇಳಿದ್ರು" ಎಂದು ಅರ್ಫಾತ ನಕ್ಕ. ಮುತ್ಯಾ ನಗಲಿಲ್ಲ. ಬಾಗಿಲ ಚಾದರದತ್ತ ಮುಖ ತಿರುಗಿಸಿ, "ಕಲ್ಲೂ, ಇತ್ತ ಬಾ. ಇಂವ ಹೆಂಗ ಮಾಡ್ತಾನ ನೋಡ್ಕೋ" ಎಂದರು.

ಮರುದಿನ ಆಳಂದದ ಡಾಕ್ಟರು ಔಷಧ ಕೊಟ್ಟರು. ಅಂದಿನಿಂದ ಮುತ್ಯಾನ ಮಗ್ಗುಲು ಬದಲಿಸುವುದು ಕಲ್ಲಿನಾಥನ ಪಾಲಿಗೆ ಬಂತು. ಹುಣ್ಣು ಆರತೊಡಗಿತು. ಅಷ್ಟರಲ್ಲಿ ನರ್ಸಿಂಗ್ ಕಾಲೇಜಿನ ಸೀಟು ಆರಿಸುವ ದಿನ ಹತ್ತಿರ ಬಂತು.

"ನಾ ಹೋದ್ರ ನಿನ್ನ ಯಾರು ಹೊರಳಿಸ್ತಾರ ಮುತ್ಯಾ? ಈ ವರ್ಷ ಬಿಡ್ತೇನಿ."

ಸೊಸೆಯನ್ನು ಎಂದೂ ಹೆಸರು ಹಿಡಿದು ಕರೆಯದ ಮುತ್ಯಾ ಈಗ ಕರೆದರು: "ಗಂಗಾ, ಒಳಗ ಬಾ. ಮಗನ ಕಡಿಂದ ಕಲ್ತುಕೋ. ನಾಚಿಕಿಗಿ ನಾ ಹುಣ್ಣು ಮುಚ್ಚಿಟ್ಟೆ. ಊರಾಗ ಇನ್ನೆಷ್ಟು ಮುದುಕರು ಮುಚ್ಚಿಟ್ಟಾರೋ. ಅಂವ ಓದಿ ಬರ್ಲಿ."

ಗಂಗಾಬಾಯಿ ಕೈ ತೊಳೆದು ಬಂದಳು. ಒಂದು ಕೈ ಮಾವನ ಭುಜಕ್ಕೆ, ಇನ್ನೊಂದು ಸೊಂಟಕ್ಕೆ ಕೊಟ್ಟಳು. "ಮಾವಾರೆ, ಈಗ ಎಡಕ್ಕ ಹೊರಳಸ್ತೇನ್ರಿ." ಬಾಗಿದಾಗ ಸೆರಗು ತಲೆಯಿಂದ ಜಾರಿತು. ಅದನ್ನು ಸರಿಪಡಿಸಿಕೊಳ್ಳಲು ಆಕೆ ಕೈ ಬಿಡಲಿಲ್ಲ.

ಆಳಂದ, ಅಫಜಲಪುರ, ಜೇವರ್ಗಿಯ ಅಕ್ಕತಂಗಿಯರೇ, ಮಗಳಾಗಲಿ ಮಗನಾಗಲಿ ನರ್ಸಿಂಗ್ ಓದುತ್ತೇನೆಂದರೆ ಅಡ್ಡ ನಿಲ್ಲಬೇಡಿ. ಕಾಲೇಜಿಗೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಮೊದಲು ವಿಚಾರಿಸಿ; ಮೂಲ ಅಂಕಪಟ್ಟಿಯನ್ನು ಯಾವ ದಲ್ಲಾಳಿಯ ಕೈಗೂ ಕೊಡಬೇಡಿ. ಹಾಸಿಗೆ ಹಿಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಇವತ್ತೇ ಅವರ ಬೆನ್ನು ನೋಡಿ. ಅವರು ಏನಿಲ್ಲ ಎಂದರೂ ನೋಡಿ.